ಐಸ್ ಮಾರುವವನ ಮನೆಗೆ ಬಂದ ಕರೆಂಟಿನ ಪೆಟ್ಟಿಗೆ

ಓಹಾಯೋ ಸೀಮೆಯ ಪ್ಲಮ್‌ಕ್ರೀಕ್ ಊರಿನ ಲೂಥರ್ ಹಾಬ್ಸನ್ ಯಾವ ಯುದ್ಧವನ್ನೂ ಗೆದ್ದವನಲ್ಲ, ಯಾವ ಸಭೆಗೂ ಅಧ್ಯಕ್ಷನಾದವನಲ್ಲ. ಬಹುಕಾಲ ಮನೆಮನೆಗೆ ಮಂಜುಗಡ್ಡೆ ಹೊತ್ತು ಹಾಕಿ, ಭಾನುವಾರ ತಪ್ಪದೆ ಮೆಥಡಿಸ್ಟ್ ಚರ್ಚಿನ ಮೂರನೆಯ ಬೆಂಚಿನಲ್ಲಿ ಕುಳಿತು ತೂಕಡಿಸಿ, ಕಾಲ ಬಂದಾಗ ಕಣ್ಮುಚ್ಚಿದ ಸಾಧಾರಣ ಗೃಹಸ್ಥನು. ಆದರೆ ಮನುಷ್ಯನ ಅಹಂಕಾರವು ಎಷ್ಟು ಚಳಿಯನ್ನು ತಡೆದುಕೊಳ್ಳಬಲ್ಲುದೆಂಬ ಪ್ರಶ್ನೆಗೆ ಭಗವಂತನು ನಮ್ಮ ಕಡೆ ಉತ್ತರವಾಗಿ ಇರಿಸಿದ್ದು ಇವನನ್ನೇ. ಆದಕಾರಣ ಇವನ ಕಥೆಯನ್ನು ಹೇಳಬೇಕಾಗಿದೆ.

ಸಾವಿರದ ಒಂಬೈನೂರ ಇಪ್ಪತ್ತೇಳರ ಬೇಸಗೆಯಲ್ಲಿ ಎಲ್ಮ್ ಬೀದಿಯ ಪ್ರತಿಯೊಂದು ಕಿಟಕಿಯಲ್ಲೂ ಒಂದು ಚೌಕದ ರಟ್ಟು ತೂಗುತ್ತಿತ್ತು. ಅದರ ನಾಲ್ಕು ಅಂಚುಗಳಲ್ಲಿ ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು ಎಂಬ ಅಂಕೆಗಳು. ಯಾವ ಅಂಕೆ ಮೇಲಿರುವುದೋ ಅಷ್ಟು ಪೌಂಡಿನ ಗಡ್ಡೆ ಆ ಮನೆಗೆ ಬೇಕೆಂದು ಅರ್ಥ. ಲೂಥರನು ಬಂಡಿಯ ಮೇಲಿಂದಲೇ ರಟ್ಟು ನೋಡುವನು. ಉಳಿಯಿಂದ ಗಡ್ಡೆಯನ್ನು ಸೀಳುವನು. ಇಕ್ಕಳದಿಂದ ಎತ್ತಿ ಹೆಗಲಿಗೆ ಹಾಸಿದ ತೊಗಲಿನ ಮೇಲೆ ಏರಿಸುವನು. ಹಿತ್ತಿಲ ಬಾಗಿಲಿನಿಂದ ಅಡುಗೆಮನೆ ಹೊಕ್ಕು, "ಜರುಗಿ ಅಮ್ಮಾ, ಐಸು!" ಎಂದು ಕೂಗಿ, ತಲೆ ಬಗ್ಗಿಸಿಕೊಂಡೇ ನಡೆದು, ಮೂಲೆಯ ಮರದ ಪೆಟ್ಟಿಗೆಯ ಕದ ತೆಗೆದು ಗಡ್ಡೆಯನ್ನು ಒಳಕ್ಕೆ ಇಡುವನು. ಬಂಡಿ ಎಳೆಯುವ ಕುದುರೆಗೆ ಚರ್ಚಿನ ಹಿರಿಯರ ಪದವಿಯಾದ ಡೀಕನ್ ಎಂದೇ ಹೆಸರು. ಅದರ ಮುಖದ ಗಾಂಭೀರ್ಯವನ್ನು ಕಂಡು ಯಾರೂ ಬೇರೆ ಹೆಸರನ್ನು ಸೂಚಿಸುವ ಧೈರ್ಯ ಮಾಡಿರಲಿಲ್ಲ. ಊರ ಮಂಜುಗಡ್ಡೆಯನ್ನೆಲ್ಲ ಕೂಡಿಡುವ ಗಡ್ಡೆಮನೆಯಲ್ಲಿ ಬಂಡಿ ತುಂಬಿದೊಡನೆ ಡೀಕನ್ ಯಾರ ಅಪ್ಪಣೆಗೂ ಕಾಯದೆ ಹೊರಟು, ಮೊದಲು ಲೂಥರನ ಸ್ವಂತ ಮನೆಯ ಮುಂದೆ ನಿಲ್ಲುವುದು. ಐಸ್ ಮಾರುವವನ ಮನೆಯಲ್ಲೇ ಐಸ್ ಇಲ್ಲದಿದ್ದರೆ ಊರು ಏನೆಂದುಕೊಂಡೀತು ಎಂಬುದು ಲೂಥರನ ನೀತಿ. ಆ ನೀತಿಯನ್ನು ಕುದುರೆಯು ಯಜಮಾನನಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಆ ಕಾಲಕ್ಕೆ ವಿದ್ಯುಚ್ಛಕ್ತಿಯಿಂದ ತಾನೇ ತಣ್ಣಗಾಗುವ ಪೆಟ್ಟಿಗೆಗಳು ಪೇಟೆಗೆ ಬಂದಿದ್ದವು. ಪತ್ರಿಕೆಗಳ ಪುಟ ಪುಟದಲ್ಲೂ ಬಿಳಿಯ ಪೆಟ್ಟಿಗೆಯ ಪಕ್ಕದಲ್ಲಿ ನಗುವ ಹೆಂಗಸು. ಲೂಥರನು ಅವುಗಳ ಮೇಲೆ ಯುದ್ಧವನ್ನೇ ಸಾರಿದ್ದನು. ಅಡುಗೆಮನೆ ಅಡುಗೆಮನೆಯಲ್ಲೂ ಗಡ್ಡೆಯೊಂದಿಗೆ ಒಂದು ಉಪದೇಶವನ್ನೂ ಇಳಿಸಿ ಹೋಗುವನು.

"ಮಿಸೆಸ್ ಕ್ರಂಪ್, ನಾನು ಹೇಳ್ತಿಲ್ಲ, ಕಂಡೋರು ಹೇಳಿದ್ದು. ಟೊಲೀಡೋದಲ್ಲಿ ಒಬ್ಬಮ್ಮ ಕರೆಂಟಿನ ಪೆಟ್ಟಿಗೇಲಿ ಮೊಟ್ಟೆ ಇಟ್ಟಿದ್ಲಂತೆ. ಬೆಳಿಗ್ಗೆ ಒಡೆದು ನೋಡಿದ್ರೆ ಹಳದಿ ಗಡಗಡ ನಡುಗ್ತಾ ಇತ್ತಂತೆ!"

"ಅಯ್ಯೋ ಪಾಪ! ಆಮೇಲೆ?"

"ಆಮೇಲೇನು? ಆಕೆ ಗಂಡ ಆ ಮೊಟ್ಟೆ ತಿಂದ. ಈಗ ಅವನೂ ನಡುಗ್ತಾನೆ. ಬೆಣ್ಣೆ ಕಥೆ ಇನ್ನೂ ಘೋರ. ಆ ಬೆಣ್ಣೆ ಸವರಿದ ಬ್ರೆಡ್ಡು ಕಚ್ಚಿದ್ರೆ ಹಲ್ಲಿಗೆಲ್ಲ ಜುಮ್ ಅಂತ ಕರೆಂಟು ಹೊಡೆಯುತ್ತೆ."

ಪಕ್ಕದ ಮನೆಯ ವಿಧವೆ ಮಿಸೆಸ್ ಡೆಲ್ಫೈನ್ ಕ್ರಂಪ್ ಇದನ್ನೆಲ್ಲ ಕೆನ್ನೆಗೆ ಕೈಯಿಟ್ಟು ಕೇಳಿ, ಸಂಜೆಯೊಳಗೆ ಬೀದಿಗೆಲ್ಲ ಹಂಚುವಳು. ಸುಳ್ಳು ಹೇಳುವವನೆಂದು ಲೂಥರನನ್ನು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಆತನ ತೂಕದಲ್ಲಿ ಒಂದು ಚೂರೂ ಕಡಿಮೆ ಬಂದದ್ದಿಲ್ಲ. ಹಾಗಾಗಿ ಮಾತಿನಲ್ಲೂ ಬರಲಾರದೆಂದು ಬೀದಿಯ ನಂಬಿಕೆ. ಲೂಥರನೇ ಆ ಮೊಟ್ಟೆಯ ಕಥೆಯನ್ನು ಅಷ್ಟು ಸಲ ಹೇಳಿ ಹೇಳಿ, ಕೊನೆಗೆ ಟೊಲೀಡೋದ ಆ ಗೃಹಸ್ಥನ ಮೇಲೆ ನಿಜವಾಗಿಯೂ ಮರುಕಪಡುತ್ತಿದ್ದನು.

ಇಂಥವನ ಹೆಂಡತಿ ಕೋರಾ, ಜುಲೈ ತಿಂಗಳ ಒಂದು ಸೋಮವಾರ, ಒಂದು ಕರೆಂಟಿನ ಪೆಟ್ಟಿಗೆಯನ್ನು ಬಹುಮಾನವಾಗಿ ಗೆದ್ದಳು.

ಸೋಮವಾರವೆಂದರೆ ಬಟ್ಟೆ ಒಗೆಯುವ ದಿನ. ಬೀದಿಯ ಹೆಂಗಸರೆಲ್ಲ ಹಿತ್ತಿಲಿನಲ್ಲಿ ಹಗ್ಗಗಳ ಕೆಳಗಿದ್ದರು. ಆದುದರಿಂದ ಮುಂಬಾಗಿಲಿಗೆ ಲಾರಿಯೊಂದು ಬಂದು ನಿಂತುದನ್ನೂ, ಇಬ್ಬರು ಆಳುಗಳು ಹಲಗೆ ಹೊಡೆದು ಕಟ್ಟಿದ ದೊಡ್ಡ ಸರಕೊಂದನ್ನು ಒಳಗೆ ಸಾಗಿಸಿ ಹಳೆಯ ಐಸ್ ಪೆಟ್ಟಿಗೆಯನ್ನು ಹೊತ್ತೊಯ್ದುದನ್ನೂ ಯಾರೂ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಲೂಥರನು ಅಡುಗೆಮನೆಯ ಮೂಲೆಯಲ್ಲಿ ಬೆಳ್ಳಗೆ, ಎತ್ತರಕ್ಕೆ, ಗುಂಯ್ ಎನ್ನುತ್ತ ನಿಂತಿದ್ದ ವೈರಿಯನ್ನು ಕಂಡು ಹೊಸಿಲಿನಲ್ಲೇ ಕಂಬವಾದನು. ಅದರ ಪಕ್ಕದಲ್ಲಿ ಹುಲ್ಲಿನ ಟೊಪ್ಪಿಗೆಯ, ಎಣ್ಣೆ ಹಚ್ಚಿದಂಥ ನಗೆಯ ಒಬ್ಬ ಯುವಕನಿದ್ದನು. ಅವನು ಕಂಪನಿಯ ಮಾರಾಟಗಾರ, ಹೆಸರು ಪಿಂಗ್ರೀ.

"ನಮಸ್ಕಾರ ಸಾರ್! ಪುಣ್ಯವಂತರು ನೀವು. ನಿಮ್ಮ ಶ್ರೀಮತಿಯವರು ಮೊದಲನೇ ಬಹುಮಾನ ಗೆದ್ದಿದಾರೆ. ಈ ಪೆಟ್ಟಿಗೆ ನನಗೆ ಯಾಕೆ ಬೇಕು ಅಂತ ಚುಟುಕಾಗಿ ಬರೆಯೋ ಪಂದ್ಯ. ಸಾವಿರಾರು ಜನ ಬರೆದಿದ್ರು. ನಿಮ್ಮವರು ಬರೆದದ್ದು ಕೇಳಿ ನಮ್ಮ ಸಾಹೇಬ್ರು ಕಣ್ಣೊರೆಸ್ಕೊಂಡ್ರು."

"ಏನ್ ಬರೆದೆ?" ಎಂದನು ಲೂಥರನು ಹೆಂಡತಿಯ ಕಡೆ ತಿರುಗಿ.

ಕೋರಾ ಸೆರಗಿನಂತೆ ಮುಂದೆ ಕಟ್ಟಿದ್ದ ಅಡುಗೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಶಾಂತವಾಗಿ ಹೇಳಿದಳು: "ನನ್ನ ಗಂಡ ಊರಿಗೆಲ್ಲ ಐಸ್ ಹೊರ್ತಾನೆ. ಅದು ಕರಗಿದ ನೀರು ಹೊರೋಳು ನಾನು. ಅಷ್ಟೇ ಬರೆದದ್ದು."

ಇದು ಸತ್ಯವಾಗಿತ್ತು. ಐಸ್ ಪೆಟ್ಟಿಗೆಯ ಕೆಳಗೆ ತಗಡಿನ ಒಂದು ಬೋಗುಣಿ ಇರುತ್ತದೆ. ಮೇಲೆ ಕರಗಿದ್ದೆಲ್ಲ ಅದಕ್ಕೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೊಣಕಾಲೂರಿ, ತುಳುಕದಂತೆ ಎಳೆದು, ಹಿತ್ತಿಲಿಗೆ ಹೊತ್ತು ಚೆಲ್ಲಬೇಕು. ಮರೆತರೆ ನೆಲವೆಲ್ಲ ಕೆರೆ. ಮದುವೆಯಾದಂದಿನಿಂದ ಕೋರಾ ಅದನ್ನು ಮರೆತಿರಲಿಲ್ಲ. ಲೂಥರನು ಅದನ್ನು ನೆನೆದಿರಲಿಲ್ಲ.

"ಒಂದೇ ಒಂದು ಷರತ್ತು ಸಾರ್," ಎಂದನು ಪಿಂಗ್ರೀ. "ಬರೋ ಶನಿವಾರ ಮೂರು ಗಂಟೆಗೆ ನೆರೆಹೊರೆ ಹೆಂಗಸರನ್ನೆಲ್ಲ ಕರೀಬೇಕು. ನಾನು ಬಂದು ಪೆಟ್ಟಿಗೆ ಗುಣ ವಿವರಿಸ್ತೀನಿ. ಅದಾಗಲಿಲ್ಲವೋ, ಪೆಟ್ಟಿಗೆ ವಾಪಸ್ಸು. ಎರಡನೇ ಬಹುಮಾನದೋರು ಕಾಯ್ತಾ ಇದಾರೆ."

ಪಿಂಗ್ರೀ ಹೋದ ಮೇಲೆ ಲೂಥರನು ಕುರ್ಚಿಯ ಮೇಲೆ ಕುಸಿದನು.

"ಕೋರಾ, ಈ ಬೀದೀಲಿ ನನ್ನ ಮಾತಿಗೆ ಬೆಲೆ ಇದೆ. ನನ್ನ ಮನೇಲೇ ಈ ಭೂತ ಇದೆ ಅಂತ ಗೊತ್ತಾದ್ರೆ ನಾಳೆ ಯಾರು ನನ್ನ ಮಾತು ಕೇಳ್ತಾರೆ? ಯಾರು ಐಸ್ ತಗೋತಾರೆ? ವಾಪಸ್ ಕಳಿಸು."

"ಕಳಿಸಲ್ಲ."

"ನನ್ನ ಮಾನದ ಪ್ರಶ್ನೆ ಕಣೇ!"

"ನನ್ನ ಮೊಣಕಾಲಿನ ಪ್ರಶ್ನೆ ಕಣೋ."

ವಾದವು ಇಲ್ಲಿಗೇ ನಿಂತಿತು. ಹೇಗಾದರೂ ಶನಿವಾರದೊಳಗೆ ಕೋರಾಳ ಮನಸ್ಸನ್ನು ತಿರುಗಿಸಬೇಕು, ಅಲ್ಲಿಯವರೆಗೆ ಯಾರಿಗೂ ತಿಳಿಯಬಾರದು ಎಂದು ಲೂಥರನು ನಿಶ್ಚಯಿಸಿದನು. ಪೆಟ್ಟಿಗೆಗೆ ಅಜ್ಜಿಯ ಕಾಲದ ಕೌದಿ ಹೊದಿಸಿ, ತಲೆಯ ಮೇಲೆ ಜೆರೇನಿಯಂ ಹೂವಿನ ಕುಂಡವಿರಿಸಿದನು. ಅದು ಈಗ ವೇಷ ಮರೆಸಿ ಬಂದ ಪೊಲೀಸನಂತೆ ಕಾಣುತ್ತಿತ್ತು. ಕಿಟಕಿಯ ರಟ್ಟನ್ನು ಐವತ್ತು ಮೇಲೆ ಬರುವಂತೆ ಎಂದಿನಂತೆಯೇ ಬಿಟ್ಟನು. ಬೀದಿಯ ಕಣ್ಣು ತಪ್ಪಿಸಬೇಕಾದರೆ ದಿನವೂ ತನ್ನ ಮನೆಗೆ ಗಡ್ಡೆ ಹೊತ್ತು ಹಾಕಲೇಬೇಕಲ್ಲವೇ? ಆದರೆ ಇಡುವುದೆಲ್ಲಿ? ಐಸ್ ಪೆಟ್ಟಿಗೆಯನ್ನು ಕಂಪನಿಯವರು ಒಯ್ದಿದ್ದರು. ಆದುದರಿಂದ ಮಂಗಳವಾರದಿಂದ ಗಡ್ಡೆಯು ಅಡುಗೆಮನೆಯನ್ನು ದಾಟಿ ಬಚ್ಚಲಿಗೆ ಹೋಗಿ ಸ್ನಾನದ ತೊಟ್ಟಿಯಲ್ಲಿ ಮಲಗತೊಡಗಿತು.

ಮೊದಲ ಗಂಡಾಂತರವು ಬುಧವಾರ ಮಧ್ಯಾಹ್ನ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ಬಂದಿತು. ಮಿಸೆಸ್ ಕ್ರಂಪ್ ಅಡುಗೆಮನೆಯ ನಡುವೆ ನಿಂತು ಕಿವಿ ನಿಮಿರಿಸಿದಳು.

"ಏನದು ಲೂಥರ್, ಗುಂಯ್ ಅಂತಿದೆ?"

"ಅದಾ? ಅದು... ಕೋರಾ ಕಣ್ರೀ. ಕೆಲಸ ಮಾಡ್ತಾ ಮಾಡ್ತಾ ಪ್ರಾರ್ಥನೆ ಹಾಡು ಗುನುಗ್ತಾಳೆ. ಬಾಯಿ ಮುಚ್ಕೊಂಡೇ."

ಕೋರಾ ಗಂಡನನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಮುಂದಿನ ಹತ್ತು ವರ್ಷಗಳ ಬಾಕಿ ಇತ್ತು. ಬಳಿಕ ತುಟಿ ಬಿಗಿದು ಪೆಟ್ಟಿಗೆಯ ಶ್ರುತಿಗೆ ಸರಿಯಾಗಿ ಗುನುಗತೊಡಗಿದಳು. ದುರ್ದೈವದಿಂದ ಸಾಕಷ್ಟು ತಣ್ಣಗಾದೊಡನೆ ತಾನೇ ನಿಲ್ಲುವುದು ಆ ಯಂತ್ರದ ಗುಣ. ಅದು ತಟಕ್ಕನೆ ನಿಂತಿತು, ಕೋರಾ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ನಿಲ್ಲಿಸಿದಳು. ಅದು ಮತ್ತೆ ಶುರುವಾಯಿತು.

"ಉಸಿರೇ ತಗೊಳ್ದೆ ಹಾಡ್ತಾಳಲ್ಲಪ್ಪಾ!" ಎಂದು ಮಿಸೆಸ್ ಕ್ರಂಪ್ ಭಕ್ತಿಯಿಂದ ಎದೆಗೆ ಕೈ ಒತ್ತಿಕೊಂಡಳು.

ಅಷ್ಟರಲ್ಲಿ ಬಚ್ಚಲಿನಿಂದ ಟಪ್ ಎಂದು, ಮರ ಸೀಳಿದಂತೆ, ಗಡ್ಡೆ ಬಿರಿದ ಸದ್ದು ಕೇಳಿಸಿತು. ಲೂಥರನು ತಡೆಯುವ ಮೊದಲೇ ಆಕೆ ಹೋಗಿ ಇಣುಕಿದಳು. ತೊಟ್ಟಿಯ ತುಂಬ ಎರಡು ದಿನದ ಮಂಜು.

"ಲೂಥರ್ ಹಾಬ್ಸನ್! ಸ್ನಾನದ ತೊಟ್ಟೀಲಿ ಐಸ್ ಯಾಕೋ?"

ಸುಳ್ಳಿಗೆ ಒಂದು ದುರ್ಗುಣವಿದೆ. ಒಂಟಿಯಾಗಿ ಇರಲಾರದು, ಬಂದ ಮನೆಗೆ ನೆಂಟರನ್ನು ಕರೆಯುತ್ತದೆ. ಲೂಥರನು ಬೆವರೊರೆಸಿಕೊಂಡು, "ಕೀಲುನೋವು ಮಿಸೆಸ್ ಕ್ರಂಪ್," ಎಂದನು. "ದಿನಾ ಸಂಜೆ ಐಸಲ್ಲಿ ಕೂತ್ಕೋತೀನಿ. ಹಳೇ ಮದ್ದು. ಯಾರಿಗೂ ಹೇಳ್ಬೇಡಿ."

ಹೇಳಬೇಡವೆಂದರೆ ಮಿಸೆಸ್ ಕ್ರಂಪ್ ಇನ್ನೂ ಬೇಗ ಹೇಳುವಳು. ಗುರುವಾರ ಬೆಳಗಾಗುವುದರೊಳಗೆ ಐಸ್ ಮಾರುವವನು ಐಸಿನಲ್ಲೇ ಕುಳಿತುಕೊಳ್ಳುವನೆಂಬ ವಾರ್ತೆ ಊರೆಲ್ಲ ಹಬ್ಬಿತು. ಕೆಲವರು ಮೆಚ್ಚಿದರು, ಕೆಲವರು ಮರುಗಿದರು. ಕ್ಷೌರದಂಗಡಿಯಲ್ಲಿ ಮಾತ್ರ, ಹಾಗೆ ಕುಳಿತ ಗಡ್ಡೆಯನ್ನೇ ಮರುದಿನ ತಮ್ಮ ಮನೆಗೆ ಹಾಕುತ್ತಾನೋ ಹೇಗೆ ಎಂದು ಯಾರೋ ಕೇಳಿ, ಕತ್ತಿ ಜಾರುವಷ್ಟು ನಗೆ ಎದ್ದಿತು.

ಸಂಜೆ ಆರು ಗಂಟೆಗೆ ಪಾದ್ರಿ ರೆವರೆಂಡ್ ಸ್ಪ್ರೇಗ್ ಅವರನ್ನು ಜೊತೆಗೆ ಕರೆದುಕೊಂಡು ಮಿಸೆಸ್ ಕ್ರಂಪ್ ಮತ್ತೆ ಬಂದಳು. ಕೈಯಲ್ಲಿ ಹೆಬ್ಬಾತಿನ ಕೊಬ್ಬಿನ ಡಬ್ಬಿ, ಕೀಲಿಗೆ ಹಚ್ಚಲು. ಅವರು ಬೇಲಿಯ ಬಾಗಿಲು ತೆಗೆಯುವುದನ್ನು ಕಿಟಕಿಯಿಂದ ಕಂಡ ಕೋರಾಳ ಮುಖದಲ್ಲಿ ಆ ವಾರದ ಮೊದಲ ನಗು ಮೂಡಿತು.

"ಲೂಥರ್, ಪಾದ್ರಿಗಳು ಬರ್ತಿದಾರೆ. ಇದು ನೀನು ಐಸಲ್ಲಿ ಕೂರೋ ಹೊತ್ತಲ್ವಾ?"

"ಬೇಡ ಕಣೇ ಕೋರಾ..."

"ಹಾಗಾದ್ರೆ ನಿಜ ಹೇಳು."

ಲೂಥರನು ನಿಜವನ್ನೂ ನೋಡಿದನು, ತೊಟ್ಟಿಯನ್ನೂ ನೋಡಿದನು. ನಿಜವು ಹೆಚ್ಚು ತಣ್ಣಗಿದ್ದಂತೆ ತೋರಿತು. ಅಂಗಿ ಕಳಚಿ, ಕಣ್ಣು ಮುಚ್ಚಿ, ಮೂರು ದಿನದ ಮಂಜಿನೊಳಗೆ ಇಳಿದನು. ಇಳಿದವನ ಬಾಯಿಂದ ಬಂದ ಸದ್ದನ್ನು ಹೊರಗಿದ್ದ ಪಾದ್ರಿಗಳು ಪಶ್ಚಾತ್ತಾಪದ ನಿಟ್ಟುಸಿರೆಂದು ತಿಳಿದು, ಕದದ ಈಚೆ ಮಂಡಿಯೂರಿದರು.

"ಲೂಥರ್, ನೋವು ಎಲ್ಲೆಲ್ಲಿದೆ ಹೇಳಪ್ಪಾ. ಒಂದೊಂದಕ್ಕೂ ಬೇರೆ ಬೇರೆ ಪ್ರಾರ್ಥನೆ ಮಾಡ್ತೀನಿ."

"ಎ-ಎ-ಎಲ್ಲೂ ಇಲ್ಲ ಪಾದ್ರಿಗಳೇ. ಗು-ಗುಣ ಆಯ್ತು!"

"ಪಾಪ, ತಡ್ಕೊಳಕ್ಕಾಗ್ದೆ ಹಲ್ಲು ಕಡೀತಿದಾನೆ," ಎಂದಳು ಮಿಸೆಸ್ ಕ್ರಂಪ್. "ಮೊಣಕಾಲಿಂದ ಶುರು ಮಾಡಿ ಪಾದ್ರಿಗಳೇ, ಅವಸರ ಬೇಡ."

ರೆವರೆಂಡ್ ಸ್ಪ್ರೇಗ್ ಅವಸರಪಡುವ ಸ್ವಭಾವದವರೇ ಅಲ್ಲ. ಮೊಣಕಾಲು ಮುಗಿಸಿ, ಸೊಂಟಕ್ಕೆ ಏರಿ, ಅಲ್ಲಿಂದ ಲೋಕದ ಸಮಸ್ತ ರೋಗಿಗಳಿಗೂ, ಚೀನಾದೇಶದ ಕ್ಷಾಮಪೀಡಿತರಿಗೂ ದಾಟಿ, ಮರಳಿ ಹೆಗಲಿಗೆ ಬಂದರು. ಒಳಗಿನಿಂದ ಆಮೆನ್ ಎಂಬ ಕೂಗು ಮತ್ತೆ ಮತ್ತೆ, ಬೇಡಿಕೆಯಂತೆ ಕೇಳಿಬರುತ್ತಿತ್ತು. ಇಷ್ಟು ಶ್ರದ್ಧೆಯಿಂದ ಆಮೆನ್ ಎಂದ ಭಕ್ತನನ್ನು ತಾವು ಕಂಡಿಲ್ಲವೆಂದು ಅವರು ಆಮೇಲೆ ಹೇಳಿದ್ದುಂಟು. ಕೊನೆಗೆ ಹೊರಬಂದ ಲೂಥರನು ನೀಲಿಬಣ್ಣಕ್ಕೆ ತಿರುಗಿದ್ದನು. ಕೋರಾ ಅವನಿಗೆ ಕಂಬಳಿ ಹೊದಿಸಿ, ಬಿಸಿ ಕಾಫಿ ಕೈಗಿತ್ತಳು. ಕೌದಿಯ ಕೆಳಗೆ ಪೆಟ್ಟಿಗೆ ಗುಂಯ್ ಎಂದು ಹಾಡಿಕೊಳ್ಳುತ್ತಿತ್ತು.

ಶುಕ್ರವಾರ ಕೋರಾ ಬೀದಿಯ ಹೆಂಗಸರನ್ನೆಲ್ಲ ಶನಿವಾರ ಮೂರು ಗಂಟೆಗೆ ಕಾಫಿ, ಕೇಕಿಗೆ ಕರೆದು ಬಂದಳು. ಕಾರಣ ಹೇಳಲಿಲ್ಲ.

"ಕರೆದೇಬಿಟ್ಯಾ?" ಎಂದನು ಲೂಥರನು, ರಾತ್ರಿಯೂಟದ ತಟ್ಟೆಯ ಮುಂದೆ.

"ಕರೆದೆ. ನಿನ್ನನ್ನೂ ಕರೀತಿದೀನಿ. ಬಂದು ನನ್ನ ಪಕ್ಕ ನಿಂತ್ಕೋ."

"ನಾನು ನಾಳೆ ಹಳ್ಳದ ಆಚೆ ದಡದ ಮನೆಗಳಿಗೆ ಐಸ್ ಹಾಕ್ತಿರ್ತೀನಿ. ಕೇಳಿದ್ರೆ ನನಗೇನೂ ಗೊತ್ತಿಲ್ಲ ಅನ್ನು. ಕತ್ತಲಾಗೋವರೆಗೂ ಈ ಕಡೆ ತಲೆ ಹಾಕಲ್ಲ."

ಕೋರಾ ತಟ್ಟೆ ತೆಗೆದುಕೊಂಡು ಎದ್ದಳು. "ಹಾಗೇ ಮಾಡು," ಎಂದಳು. ಜಗಳವಾಡಿದ್ದರೆ ಲೂಥರನಿಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಐಸ್ ಹಂಚುವುದಿಲ್ಲವಾಗಿ ಶನಿವಾರ ಎರಡು ಬಂಡಿ ಮಾಲು. ಮಧ್ಯಾಹ್ನದವರೆಗೆ ಲೂಥರನು ಹಳ್ಳದ ಆಚೆಯೇ ಇದ್ದನು. ಎರಡನೆಯ ಸಲ ಬಂಡಿ ತುಂಬಲು ಗಡ್ಡೆಮನೆಗೆ ಮರಳಿದಾಗ ಮೂರು ಗಂಟೆ ಹೊಡೆದಿತ್ತು. ತುಂಬಿಸಿ ಹತ್ತಿ ಕುಳಿತವನ ಮನಸ್ಸು ಅಲ್ಲಿರಲಿಲ್ಲ. ನಾಳೆ ಚರ್ಚಿನ ಮೆಟ್ಟಿಲ ಮೇಲೆ ಬೀದಿಯವರು ಮುತ್ತಿಕೊಂಡರೆ ಏನು ಹೇಳುವುದು? ಪೆಟ್ಟಿಗೆ ಕೋರಾಳ ಚಿಕ್ಕಮ್ಮನದೆನ್ನಲೇ? ಚಿಕ್ಕಮ್ಮ ತೀರಿಕೊಂಡಳೆನ್ನಲೇ? ತೀರಿಕೊಂಡ ಕಾರಣ ಬೆಣ್ಣೆಯೆನ್ನಲೇ? ಹೀಗೆ ಚಿಕ್ಕಮ್ಮನ ಉತ್ತರಕ್ರಿಯೆಯಲ್ಲಿ ಮುಳುಗಿದ್ದವನು ಲಗಾಮು ಎಳೆಯಲು ಮರೆತನು. ಡೀಕನ್ ಮರೆಯಲಿಲ್ಲ. ತುಂಬಿದ ಬಂಡಿ ಮೊದಲು ಹೋಗಬೇಕಾದಲ್ಲಿಗೆ ಹೋಗಿ, ನಿಲ್ಲಬೇಕಾದಲ್ಲಿ ನಿಂತಿತು.

ಬಂಡಿ ನಿಂತಿತು, ಲೂಥರನ ಕಣ್ಣು ತಾನಾಗಿ ಕಿಟಕಿಗೆ ಹೋಯಿತು. ರಟ್ಟಿನ ಮೇಲ್ತುದಿಯಲ್ಲಿ ಐವತ್ತು. ಕೈ ತಾನಾಗಿ ಉಳಿ ಹಿಡಿಯಿತು, ಇಕ್ಕಳ ಹಿಡಿಯಿತು, ಹೆಗಲಿಗೇರಿಸಿತು. ಕಾಲುಗಳು ಹಿತ್ತಿಲ ಬಾಗಿಲಿಗೆ ನಡೆದವು. ಬಚ್ಚಲಿನ ದಾರಿಯನ್ನು ಅವು ಕಲಿತು ನಾಲ್ಕು ದಿನ. ಮೂಲೆಯ ದಾರಿಯನ್ನು ಕಲಿತು ಒಂದು ಆಯುಷ್ಯ. "ಜರುಗಿ ಅಮ್ಮಾ, ಐಸು!" ಎಂದು ಕೂಗಿ, ಗಡ್ಡೆಯ ಭಾರಕ್ಕೆ ತಲೆ ಬಗ್ಗಿಸಿಕೊಂಡು, ಬಹಳ ಜನರ ಬೂಟುಗಳು ಎರಡೂ ಕಡೆ ಸರಿದು ದಾರಿ ಬಿಟ್ಟುದನ್ನು ಕಂಡೂ ಕಾಣದೆ, ನೇರವಾಗಿ ಮೂಲೆಗೆ ಹೋಗಿ, ಬಿಳಿಯ ಕದವನ್ನು ತೆಗೆದು, ಒಳಗಿದ್ದ ಹಾಲಿನ ಸೀಸೆಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಐವತ್ತು ಪೌಂಡಿನ ಮಂಜುಗಡ್ಡೆಯನ್ನು ಕರೆಂಟಿನ ಪೆಟ್ಟಿಗೆಯೊಳಗೆ ದಡಾರನೆ ಇಟ್ಟನು.

ಒಳಗಿನ ತಂತಿಯ ಅಟ್ಟಣೆ ಕುಸಿಯಿತು. ಸದ್ದಡಗಿದ ಮೇಲೆ ಲೂಥರನು ತಲೆ ಎತ್ತಿದನು. ಎಲ್ಮ್ ಬೀದಿಯ ಸಮಸ್ತ ಗೃಹಿಣಿಯರೂ ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದರು. "ಈ ಪೆಟ್ಟಿಗೆಗೆ ಎಂದೆಂದಿಗೂ ಒಂದು ಚೂರು ಐಸೂ..." ಎಂಬಲ್ಲಿಗೆ ಪಿಂಗ್ರೀಯ ಭಾಷಣ ನಿಂತಿತ್ತು, ಅವನ ಬಾಯಿ ಇನ್ನೂ ತೆರೆದೇ ಇತ್ತು.

ಮೊದಲು ಮಾತು ಬಂದದ್ದು ಮಿಸೆಸ್ ಕ್ರಂಪಳಿಗೆ.

"ಅಯ್ಯಯ್ಯೋ, ನೋಡಿದ್ರೇನ್ರೇ! ಇದಕ್ಕೂ ಐಸ್ ಹಾಕ್ಬೇಕಂತೆ!"

"ಹಾಗಾದ್ರೆ ಕರೆಂಟು ಯಾಕೆ?" ಎಂದಳು ಹಿಂದಿನಿಂದ ಒಬ್ಬಳು.

"ಐಸನ್ನ ಬಿಸಿ ಮಾಡಕ್ಕಿರ್ಬೇಕು!" ಎಂದಳು ಇನ್ನೊಬ್ಬಳು. ಅಡುಗೆಮನೆ ನಗೆಯಿಂದ ಬಿರಿಯಿತು.

"ಇಲ್ಲ, ಇಲ್ಲ, ಮಹಿಳೆಯರೇ!" ಪಿಂಗ್ರೀಯ ಎಣ್ಣೆಯೆಲ್ಲ ಆರಿಹೋಗಿತ್ತು. "ಇದು ಮೋಸ! ನನ್ನ ಮರ್ಯಾದೆ ತೆಗೆಯೋಕೆ ಮಾಡಿದ ಹೂಟ! ಯಾರ್ರೀ ಈ ಮನುಷ್ಯ? ಓ, ಯಜಮಾನ್ರೇ ನೀವಾ? ಸರಿ, ಈಗಿಂದೀಗಲೇ ಆಳು ಕರೆಸಿ ಇದನ್ನ ಕಟ್ಟಿಸ್ತೀನಿ. ಬಹುಮಾನ ರದ್ದು!"

"ಬಹುಮಾನಾನಾ? ಯಾರ ಬಹುಮಾನ?" ಎಂದು ಮಿಸೆಸ್ ಕ್ರಂಪ್ ಕೇಕಿನ ತಟ್ಟೆಯನ್ನು ಕೆಳಗಿಟ್ಟಳು. "ತಡೀರಿ. ನಮ್ಮ ಲೂಥರನ್ನೇ ಕೇಳೋಣ. ಅವನು ಸುಳ್ಳಾಡೋನಲ್ಲ. ಲೂಥರ್, ನೀನೇ ಹೇಳಪ್ಪಾ. ಈ ಪೆಟ್ಟಿಗೆಗೆ ಐಸ್ ಬೇಕೋ ಬೇಡ್ವೋ?"

ಬೇಕು ಎಂಬ ಎರಡಕ್ಷರವೇ ಸಾಕಿತ್ತು. ಪೆಟ್ಟಿಗೆ ಲಾರಿ ಹತ್ತಿ ಹೋಗುವುದು. ಎಲ್ಮ್ ಬೀದಿಯಲ್ಲಿ ಮುಂದೆ ಎಷ್ಟು ಕಾಲವಾದರೂ ಅಂಥದೊಂದು ಕಾಲಿಡದು. ಮೊಟ್ಟೆಯೂ ಬೆಣ್ಣೆಯೂ ಸತ್ಯವಾಗಿಯೇ ಉಳಿಯುವುವು. ಲೂಥರನು ಆ ಮಾತಿಗಾಗಿ ಬಾಯಿ ತೆರೆದನು.

ಆಗ ಕಾಲ ಬಳಿ ಏನೋ ಸರಿದಾಡಿತು. ಗಡ್ಡೆಯಿಂದ ನೀರು ಕದದಂಚಿಗೆ ಬಂದು ನೆಲಕ್ಕೆ ತೊಟ್ಟಿಕ್ಕತೊಡಗಿತ್ತು. ಕೋರಾ ತನ್ನ ಹೊಸ ನೀಲಿ ಉಡುಪಿನಲ್ಲೇ ಮೊಣಕಾಲೂರಿ, ಕೈಗೆ ಸಿಕ್ಕ ಕೇಕಿನ ತಗಡನ್ನು ಆ ಹನಿಯ ಕೆಳಗೆ ಹಿಡಿದಿದ್ದಳು. ಯಾರೂ ಹೇಳಿರಲಿಲ್ಲ, ಅವನ ಕಾಲುಗಳು ಮೂಲೆಗೆ ನಡೆದಂತೆಯೇ ಅವಳ ಮೊಣಕಾಲುಗಳೂ ತಾವಾಗಿ ಬಗ್ಗಿದ್ದವು. ಗಂಡನು ಏನು ಹೇಳುವನೆಂದು ಆಕೆ ತಲೆ ಎತ್ತಿ ನೋಡಲೂ ಇಲ್ಲ. ಹನಿಯನ್ನೇ ನೋಡುತ್ತಿದ್ದಳು, ತಪ್ಪಿ ಬೀಳದಂತೆ.

ಇಷ್ಟು ವರ್ಷ ಲೂಥರನು ಗಡ್ಡೆಯಿಟ್ಟು ಬೆನ್ನು ತಿರುಗಿಸಿ ಹೋದ ಮೇಲೆ ಅಡುಗೆಮನೆಯಲ್ಲಿ ನಡೆಯುವುದನ್ನು ಕಂಡದ್ದೇ ಇಲ್ಲ. ಈಗ ಕಂಡನು.

"ಬೇಡ," ಎಂದನು.

"ಏನು?"

"ಐಸ್ ಬೇಡ ಮಿಸೆಸ್ ಕ್ರಂಪ್. ಒಂದು ಚೂರೂ ಬೇಡ. ಸೋಮವಾರದಿಂದ ಇದು ನಮ್ಮನೇಲಿದೆ. ಹಾಲು ಕೆಟ್ಟಿಲ್ಲ. ಬೆಣ್ಣೆ ತಿಂದೆ, ಹಲ್ಲು ಜುಮ್ಮಂದಿಲ್ಲ. ಟೊಲೀಡೋದಲ್ಲಿ ನನಗೆ ಯಾರೂ ಗೊತ್ತೇ ಇಲ್ಲ. ಕೋರಾ ಗೆದ್ದದ್ದು ಇದು, ಅವಳದೇ. ನಾನು ಅಭ್ಯಾಸಬಲದಿಂದ ತಂದಿಟ್ಟೆ, ಅಷ್ಟೇ."

ಹೀಗೆಂದು ಇಕ್ಕಳ ಹಾಕಿ ಗಡ್ಡೆಯನ್ನು ಹೊರಕ್ಕೆಳೆದು, ಕೈದೊಳೆಯುವ ತೊಟ್ಟಿಗೆ ಎತ್ತಿಹಾಕಿ, ಕೋರಾಳ ಕೈಯಿಂದ ತಗಡನ್ನು ತೆಗೆದುಕೊಂಡು ತಾನೇ ಮಂಡಿಯೂರಿ ಹಿಡಿಬಟ್ಟೆಯಿಂದ ನೆಲವನ್ನು ಒರೆಸತೊಡಗಿದನು. ಬಹಳ ಕೆಟ್ಟದಾಗಿ ಒರೆಸಿದನೆಂಬುದು ನಿಜ. ನೀರು ಇನ್ನಷ್ಟು ಹರಡಿತು.

"ಕೀಲುನೋವೋ?" ಎಂದಳು ಮಿಸೆಸ್ ಕ್ರಂಪ್, ಮೇಲಿನಿಂದ.

"ಅದೂ ಇಲ್ಲ."

"ನನ್ನ ಹೆಬ್ಬಾತಿನ ಕೊಬ್ಬು?"

"ಡೀಕನ್ ಗೊರಸಿಗೆ ಹಚ್ಚಿದೆ. ಅದಕ್ಕೆ ಒಳ್ಳೇದಾಗಿದೆ."

ಮಿಸೆಸ್ ಕ್ರಂಪ್ ಸೊಂಟದ ಮೇಲೆ ಕೈಯಿಟ್ಟು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಬಳಿಕ ಪಿಂಗ್ರೀಯ ಕಡೆ ತಿರುಗಿ, "ಏನಪ್ಪಾ ಹುಡುಗಾ, ನನಗೊಂದು ಬರ್ಕೋ," ಎಂದಳು. "ತಿಂಗಳ ಕಂತಿನ ಮೇಲೆ."

"ಮಿಸೆಸ್ ಕ್ರಂಪ್! ನೀವೂನಾ?" ಎಂದು ಲೂಥರನು ನೆಲದಿಂದಲೇ ಚೀರಿದನು.

"ಮತ್ತೆ? ಈ ಮಾರಾಟದೋನು ಹೇಳಿದ್ರೆ ನಾನು ನಂಬ್ತಿದ್ನಾ? ಐಸ್ ಮಾರೋನೇ ಐಸ್ ಬೇಡ ಅಂದ್ಮೇಲೆ ಇನ್ನೇನು ಬೇಕು?"

ಇನ್ನೂ ಐದು ಮಂದಿ ಅವಳ ಹಿಂದೆ ಸಾಲು ನಿಂತರು. ಪಿಂಗ್ರೀಗೆ ಎಣ್ಣೆಯ ನಗೆ ಮರಳಿತು. ಹೋಗುವಾಗ ಅವನು ಲೂಥರನ ಒದ್ದೆ ಕೈಯನ್ನು ಬಹಳ ಹೊತ್ತು ಕುಲುಕಿ, ಆತನು ಅರ್ಧ ನಿಮಿಷದಲ್ಲಿ ಮಾರಿದಷ್ಟನ್ನು ತಾನು ಇಡೀ ವಸಂತದಲ್ಲಿ ಮಾರಿರಲಿಲ್ಲವೆಂದೂ, ಪ್ರತಿ ಊರಿನಲ್ಲಿಯೂ ಗಡ್ಡೆ ಹೊತ್ತುಕೊಂಡು ಹೀಗೆಯೇ ನುಗ್ಗಲು ಒಪ್ಪುವುದಾದರೆ ಕಂಪನಿಯು ಸಂಬಳ ಕೊಡುವುದೆಂದೂ ಹೇಳಿದನು. ಲೂಥರನು ಕೊಟ್ಟ ಉತ್ತರವು ಭಕ್ತರು ಬರೆಯತಕ್ಕುದಲ್ಲ.

ಮುಂದೆ ಅವನ ಬದುಕು ಮುಳುಗಲಿಲ್ಲ. ಕರೆಂಟಿಲ್ಲದ ತೋಟದ ಮನೆಗಳೂ ಮೀನಂಗಡಿಯೂ ಅವನನ್ನು ಹಲವು ವರ್ಷ ಸಾಕಿದವು. ಆ ಬಿಳಿಯ ಪೆಟ್ಟಿಗೆಗಳೂ ತಾವಾಗಿ ಮೆಟ್ಟಿಲು ಹತ್ತುವಂಥವಲ್ಲ. ಯಾವ ಮನೆಯ ಹಿತ್ತಿಲ ಬಾಗಿಲು ಎಷ್ಟು ಅಗಲ, ಯಾರ ಅಡುಗೆಮನೆಯ ಹಲಗೆ ಎಲ್ಲಿ ಕುಸಿದಿದೆ ಎಂಬುದನ್ನು ಬಲ್ಲ ಹೆಗಲು ಊರಿನಲ್ಲಿ ಒಂದೇ ಇತ್ತು. ಕಂಪನಿಯವರು ಅದನ್ನೇ ಕರೆದರು. ಇಳಿಸಿದ ಪ್ರತಿ ಮನೆಯಲ್ಲೂ ಅವನು, ಯಾರೂ ಕೇಳದಿದ್ದರೂ, "ಮೊಟ್ಟೆ ಏನೂ ನಡುಗಲ್ಲ," ಎಂದು ಹೇಳಿ ಹೋಗುವನು.

ಆದರೆ ಇದೆಲ್ಲ ಆಮೇಲಿನ ಮಾತು. ಆ ಭಾನುವಾರ ರೆವರೆಂಡ್ ಸ್ಪ್ರೇಗ್, ಶನಿವಾರದ ಸುದ್ದಿ ತಮ್ಮನ್ನು ಇನ್ನೂ ಮುಟ್ಟಿರಲಿಲ್ಲವಾಗಿ, ಪೀಠದ ಮೇಲಿಂದ ಸಹೋದರ ಹಾಬ್ಸನ್ನನ ಪವಾಡಸದೃಶ ಗುಣಕ್ಕಾಗಿ ದೇವರಿಗೆ ಬಹಿರಂಗ ವಂದನೆ ಸಲ್ಲಿಸಿದರು. ಹೆಂಗಸರ ಸಾಲಿನ ಬೀಸಣಿಗೆಗಳೆಲ್ಲ ಒಟ್ಟಿಗೆ ಮುಖಕ್ಕೆ ಏರಿದವು. ಅಂದು ಲೂಥರನು ಮೂರನೆಯ ಬೆಂಚಿನಲ್ಲಿ ಮೊದಲ ಬಾರಿಗೆ ತೂಕಡಿಸಲಿಲ್ಲ.

ಮನೆಗೆ ಬಂದು, ಊಟ ಮುಗಿಸಿ, ಕೋರಾ ಪೆಟ್ಟಿಗೆಯ ಕದ ತೆಗೆದು ಒಳಗಿನಿಂದ ಒಂದು ಪುಟ್ಟ ಲೋಹದ ತಟ್ಟೆಯನ್ನು ಎಳೆದಳು. ಅದರಲ್ಲಿ ಪುಟ್ಟ ಪುಟ್ಟ ಚೌಕದ ಮನೆಗಳು. ಮನೆ ಮನೆಯಲ್ಲೂ ಒಂದೊಂದು ಮಂಜಿನ ಹರಳು. ಯಂತ್ರವು ತಾನೇ ಹೆತ್ತದ್ದು. ನಿಂಬೆಪಾನಕಕ್ಕೆ ನಾಲ್ಕು ಹಾಕಿ ಗಂಡನ ಮುಂದಿಟ್ಟಳು.

ಲೂಥರನು ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದನು. ಇಕ್ಕಳ ಹಿಡಿದು ಪಳಗಿದ ಆ ಕೈಯಲ್ಲಿ ಅದು ಉದುರಿದ ಹಾಲುಹಲ್ಲಿನಂತೆ ಕಂಡಿತು.

"ಇದನ್ನೂ ಐಸ್ ಅಂತಾರಾ? ಐಸಿನ ಮರಿ ಇದು. ಇನ್ನೂ ಕಣ್ಣು ಬಿಟ್ಟಿಲ್ಲ."

"ತಿಂದು ನೋಡು."

ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕಸುಬುದಾರನ ಗಾಂಭೀರ್ಯದಿಂದ ಚೀಪಿದನು. "ರುಚಿ ಇಲ್ಲ," ಎಂದನು. ಎರಡನೆಯದನ್ನು ಎತ್ತಿದನು. "ಸತ್ವಾನೂ ಇಲ್ಲ." ಮೂರನೆಯದು ಕಟಕಟನೆ ಹಲ್ಲಿಗೆ ಸಿಕ್ಕಿತು. ಪಾನಕದೊಳಗಿನ ನಾಲ್ಕೂ ತೀರಿದ ಮೇಲೆ ಅವನ ಕೈ ತಟ್ಟೆಯ ಕಡೆಗೆ ಸರಿಯಿತು.

"ಅಷ್ಟು ಕೆಟ್ಟದಾಗಿದ್ರೆ ಯಾಕೆ ತಿಂತಿದೀಯ?" ಎಂದಳು ಕೋರಾ.

"ಸಾಕ್ಷಿ ನಾಶ ಮಾಡ್ತಿದೀನಿ. ಸುಮ್ನಿರು," ಎಂದು ಲೂಥರನು ತಟ್ಟೆಯನ್ನು ಪೂರ್ತಿಯಾಗಿ ತನ್ನ ಕಡೆಗೆ ಎಳೆದು, ಎರಡು ಹರಳನ್ನು ಮಾತ್ರ ಅವಳ ಲೋಟಕ್ಕೆ ಹಾಕಿದನು.